ಕೇಬಲ್ ಅಣ್ಣನ ಮಳೆಗಾಲಗಳು

ತಿಪಟೂರಿನಲ್ಲಿ ನಾವು ಬಹಳ ವರ್ಷ ಬಾಡಿಗೆಗಿದ್ದ ಮನೆಯ ಮಾಲೀಕರು ಹೋದ ಜೂನ್‌ನಲ್ಲಿ ತೀರಿಕೊಂಡರು. ಮಧ್ಯಾಹ್ನ ಊಟ ಮುಗಿಸಿ ಜಗುಲಿಯ ಮೇಲೆ ಕೂತಿದ್ದವರು ಹಾಗೇ ಗೋಡೆಗೆ ಒರಗಿದರಂತೆ. ಹೊರಗೆ ಜೋರು ಮಳೆ ಬರುತ್ತಿತ್ತಂತೆ. ಅವರ ಹೆಂಡತಿ ಫೋನಿನಲ್ಲಿ ಇಷ್ಟು ಹೇಳಿ, “ಮಳೆ ಬಂದಾಗ್ಲೇ ಹೋದ್ರು ನೋಡಿ ಟೀಚರಮ್ಮ” ಎಂದರು. ಆ ಮನೆಯಲ್ಲಿ ಮಳೆಯೆಂದರೆ ಏನು ಅನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಊರಿನಲ್ಲಿ ಎಷ್ಟು ಜನಕ್ಕೆ ಗುರುತು ಹತ್ತೀತೋ ಹೇಳಲಾರೆ. ತೊಂಬತ್ತರ ದಶಕದ ಮೊದಲಲ್ಲಿ ಮಾಳಿಗೆಯ ಮೇಲೆ ದೊಡ್ಡ ಡಿಶ್ ನಿಲ್ಲಿಸಿ, ಬೀದಿಯಿಂದ ಬೀದಿಗೆ ವೈರ್ ಎಳೆದು ಮನೆಮನೆಗೂ ಟಿವಿ ಚಾನೆಲ್‌ಗಳನ್ನು ತಂದುಕೊಟ್ಟ ಮೇಲೆ ಅವರು ಎಲ್ಲರಿಗೂ ಕೇಬಲ್ ಅಣ್ಣ ಆಗಿಬಿಟ್ಟರು. ಅವರಿಗಿಂತ ಹಿರಿಯರೂ ಹಾಗೆಯೇ ಕರೆಯುತ್ತಿದ್ದರು. ನಾನೂ ಅಣ್ಣ ಅನ್ನುತ್ತಿದ್ದೆ. ಅವರು ನನ್ನನ್ನು ಮೇಡಂ ಅನ್ನುತ್ತಿದ್ದರು, ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ಕನ್ನಡ ಹೇಳಿಕೊಡುತ್ತಿದ್ದುದರಿಂದ.

ಅವರದು ಕೊಬ್ಬರಿ ವ್ಯಾಪಾರದ ಮನೆತನ. ಅಪ್ಪನ ಕಾಲದಿಂದ ಮಂಡಿ ಇತ್ತು, ಇವರ ಒಡಹುಟ್ಟಿದ ಅಣ್ಣ ಅದನ್ನು ನೋಡಿಕೊಳ್ಳುತ್ತಿದ್ದರು. ಈ ನಮ್ಮವರು ತುಮಕೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿ ಬಂದವರು, ಮಂಡಿಯ ಕಡೆ ತಲೆ ಹಾಕಲಿಲ್ಲ. “ಮಂಡಿಗೆ ಬಾರೋ ಅಂದ್ರೆ ಮಾಳಿಗೆ ಮೇಲೆ ಬಾಣ್ಲಿ ಇಟ್ಕಂಡು ಕೂತವ್ನೆ” ಎಂದು ಆ ಮಂಡಿಯ ಅಣ್ಣ ಬಂದವರ ಮುಂದೆಲ್ಲ ಹೇಳುತ್ತಿದ್ದರು. ಆದರೆ ಮನೆತನದ ಒಂದು ಅಭ್ಯಾಸ ಇವರನ್ನು ಬಿಟ್ಟಿರಲಿಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಕೊಬ್ಬರಿಯವರು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಾರೆ, ಒಳಗಿನ ಕೊಬ್ಬರಿ ಗಿಟುಕು ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು. ಇವರು ಯಾವ ಯಂತ್ರ ಕೈಗೆ ಬಂದರೂ ಹಾಗೆಯೇ ಮಾಡುತ್ತಿದ್ದರು. ಕೆಟ್ಟ ರೇಡಿಯೋ, ರಿಮೋಟು, ಗಡಿಯಾರ, ನಮ್ಮ ಮನೆಯ ಮಿಕ್ಸಿ, ಎಲ್ಲವನ್ನೂ ಮೊದಲು ಕಿವಿಯ ಹತ್ತಿರ ಹಿಡಿದು, ಕಣ್ಣು ಅರ್ಧ ಮುಚ್ಚಿ ಅಲ್ಲಾಡಿಸುವುದು. ಆಮೇಲೆ, “ಎಲ್ಲೋ ಒಂದ್ಕಡೆ ಲೂಸೈತೆ ಅಷ್ಟೇ ಕಣ್ರೀ” ಅನ್ನುವುದು. ಪ್ರಪಂಚದಲ್ಲಿ ಕೆಟ್ಟಿದ್ದೆಲ್ಲ ಎಲ್ಲೋ ಒಂದು ಕಡೆ ಲೂಸಾಗಿದ್ದರಿಂದಲೇ ಕೆಟ್ಟಿದೆ, ಹುಡುಕಿ ಬಿಗಿ ಮಾಡಿದರೆ ಸರಿಹೋಗುತ್ತದೆ ಎಂದು ಆ ದಿನಗಳಲ್ಲಿ ಅವರು ನಿಜವಾಗಿಯೂ ನಂಬಿದ್ದರು.

ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯೇ ಅವರ ಕಂಟ್ರೋಲ್ ರೂಮು. ಅಲ್ಲಿ ಸಾಲಾಗಿ ಯಂತ್ರಗಳು, ಒಂದೊಂದಕ್ಕೂ ಒಂದು ಹಸಿರು ದೀಪ. ಬಿಸಿಯಾಗಬಾರದೆಂದು ಇದ್ದೊಂದು ಟೇಬಲ್ ಫ್ಯಾನನ್ನು ಆ ಯಂತ್ರಗಳ ಕಡೆಗೆ ತಿರುಗಿಸಿ, ತಾವು ಬನಿಯನ್ನಿನಲ್ಲಿ ಬೆವರು ಸುರಿಸಿಕೊಂಡು ಕೂತಿರುತ್ತಿದ್ದರು. “ಮೆಷಿನ್ನಿಗೆ ಫ್ಯಾನು, ಮನುಷ್ಯರಿಗೆ ಬೀಸಣಿಗೆ” ಎಂದು ಅವರ ಹೆಂಡತಿ ನನ್ನ ಹತ್ತಿರ ಗೊಣಗುತ್ತಿದ್ದರು. ಆಕೆಯನ್ನು ನಾನು ಅಕ್ಕ ಅನ್ನುತ್ತಿದ್ದೆ. ಮಕ್ಕಳಿರಲಿಲ್ಲ. ಆ ಹಸಿರು ದೀಪಗಳೇ ನಮ್ಮ ಮನೆ ಮಕ್ಕಳು ಎಂದು ಅಕ್ಕ ಒಮ್ಮೊಮ್ಮೆ ತಮಾಷೆಗೆ, ಒಮ್ಮೊಮ್ಮೆ ಬೇಜಾರಿಗೆ ಹೇಳುತ್ತಿದ್ದರು.

ಆ ಕೆಲಸದ ಕಿರಿಕಿರಿ ಒಂದೆರಡಲ್ಲ. ನಮ್ಮ ಊರಿನಲ್ಲಿ ಬೀದಿ ಮುಗಿಯುತ್ತಿದ್ದಂತೆ ತೋಟ ಶುರುವಾಗುತ್ತದೆ. ತೆಂಗಿನ ಗರಿ ಬಿದ್ದರೆ ವೈರ್ ಕಿತ್ತುಬರುತ್ತಿತ್ತು. ಅಳಿಲುಗಳಿಗೆ ಆ ಕಪ್ಪು ವೈರಿನ ಮೇಲೆ ಅದೇನು ಪ್ರೀತಿಯೋ, ಕೂತು ಕಡಿಯುತ್ತಿದ್ದವು. ಒಂದು ಸಲ ಬೇವಿನೆಣ್ಣೆಗೆ ಖಾರದ ಪುಡಿ ಕಲಸಿ ವೈರಿಗೆ ಬಳಿದರು. ಅಳಿಲುಗಳು ಇನ್ನೂ ನಾಲ್ಕು ನೆಂಟರನ್ನು ಕರೆದುಕೊಂಡು ಬಂದವು. ಸಿಡಿಲು ಬಡಿದರೆ ಯಂತ್ರ ಸುಟ್ಟುಹೋಗುತ್ತಿತ್ತು. ಕೋತಿಗಳು ಡಿಶ್ಶಿನೊಳಗೆ ಕೂತು ಬಿಸಿಲು ಕಾಯಿಸುತ್ತಿದ್ದವು. ಇವೆಲ್ಲ ಸಾಲದೆ ಫೋನು.

“ಅಣ್ಣಾ, ಕೇಬಲ್ ಬತ್ತಿಲ್ಲ ಕಣಣ್ಣ.”

“ಕರೆಂಟ್ ಐತೇನಮ್ಮ?”

“ಕರೆಂಟ್ ಎಲ್ಲೈತೆ, ಬೆಳಗ್ಗಿಂದ ಇಲ್ಲ.”

“ಮತ್ತೆ ಟಿವಿ ಹೆಂಗಮ್ಮ ಬತ್ತದೆ?”

“ಅದೆಲ್ಲ ನಂಗೊತ್ತಿಲ್ಲ. ಕೇಬಲ್ ಬತ್ತಿಲ್ಲ ಅಂತ ಹೇಳಿದೀನಿ ಅಷ್ಟೇಯ.”

ಫೋನಿಟ್ಟು ಒಬ್ಬರೇ ನಗುತ್ತಿದ್ದರು. ಆಗ ಅವರಿಗೆ ಇನ್ನೂ ನಗು ಬರುತ್ತಿತ್ತು.

ಸಂತೋಷಗಳು ಇರಲಿಲ್ಲವೆಂದಲ್ಲ. ಸಾಯಂಕಾಲ ಒಂದು ಗಂಟೆ ಅವರದೇ ಒಂದು ಚಾನೆಲ್ ಇತ್ತು. ಹಳೆಯ ಕಂಪ್ಯೂಟರೊಂದನ್ನು ರಿಪೇರಿ ಮಾಡಿಕೊಂಡು, ಪರದೆಯ ಮೇಲೆ ಕನ್ನಡ ಅಕ್ಷರ ಓಡುವ ಹಾಗೆ ಮಾಡಿದ್ದರು. ಯಾವ ಬೀದಿಗೆ ನಾಳೆ ನೀರು, ಮಾರುಕಟ್ಟೆ ದಿನದ ಕೊಬ್ಬರಿ ಧಾರಣೆ, ಯಾರದೋ ಕಳೆದುಹೋದ ಎಮ್ಮೆ, ಎಲ್ಲವೂ ಅದರಲ್ಲಿ ಸಾಗುತ್ತಿದ್ದವು. ಒತ್ತಕ್ಷರ ಸರಿಯಾಗಿ ಕೂರದಿದ್ದರೆ ನನ್ನನ್ನು ಕೂಗಿ ಕರೆಯುತ್ತಿದ್ದರು. ‘ಕೊಬ್ಬರಿ’ಯ ಬಕಾರದ ಒತ್ತು ಸಾಲಿನಿಂದ ಕೆಳಗೆ ಜಾರಿ ಕಾಣೆಯಾಗಿ ಒಂದು ವಾರ ಊರೆಲ್ಲ ‘ಕೊಬರಿ ಧಾರಣೆ’ ಓದಿತು. ಅದು ಸರಿಹೋದ ದಿನ ಅಕ್ಕನಿಗೆ ಹೇಳಿ ಪಾಯಸ ಮಾಡಿಸಿದ್ದರು.

ಆ ದಿನಗಳಲ್ಲಿ ಅವರ ಜೊತೆಗಿದ್ದವನು ಜುಂಜಣ್ಣ. ಹುಳಿಯಾರು ಕಡೆಯ ಗೊಲ್ಲರ ಹಟ್ಟಿಯವನು, ಅಣ್ಣನದೇ ವಯಸ್ಸು. ಕಾಯಿ ಕೀಳಲು ತಿಪಟೂರಿನ ತೋಟಗಳಿಗೆ ಬರುತ್ತಿದ್ದ. ಮರದಿಂದ ಮರಕ್ಕೆ ವೈರ್ ಕಟ್ಟಲು ಒಂದು ದಿನ ಇವರು ಕರೆದರು, ಆಮೇಲೆ ಅವನು ಇಲ್ಲೇ ಉಳಿದ. ಎತ್ತರದಲ್ಲಿದ್ದಾಗ ಹಾಡಿಕೊಳ್ಳುವವನು, ನೆಲಕ್ಕಿಳಿದರೆ ಮಾತೇ ಇಲ್ಲ. ಇಬ್ಬರೂ ಒಂದೇ ಸ್ಕೂಟರಿನಲ್ಲಿ ಹೋಗುವರು, ಹಿಂದೆ ಕೂತ ಜುಂಜಣ್ಣ ಏಣಿಯನ್ನು ಹೆಗಲಿಗೆ ಸಿಕ್ಕಿಸಿಕೊಂಡಿರುತ್ತಿದ್ದ. ದಾರಿಯಲ್ಲಿ ಹೋಗುವವರು ಬಗ್ಗಿ ಜಾಗ ಬಿಡಬೇಕಾಗುತ್ತಿತ್ತು.

ಅವರಿಬ್ಬರನ್ನೂ ನಾನು ಅತ್ಯಂತ ಸಂತೋಷದಲ್ಲಿ ನೋಡಿದ್ದು ಅರಳಗುಪ್ಪೆಯಲ್ಲಿ. ಅಲ್ಲಿಯ ಹಳೆಯ ದೇವಸ್ಥಾನದ ಚಾವಣಿಯಲ್ಲಿ ಕುಣಿಯುವ ಶಿವನ ಕೆತ್ತನೆಯಿದೆ. ಒಳಗೆ ಕತ್ತಲೆ, ಕೆಳಗೆ ನಿಂತವರಿಗೆ ಸರಿಯಾಗಿ ಕಾಣುವುದಿಲ್ಲ. ಅದನ್ನು ಊರಿಗೆ ತೋರಿಸಬೇಕೆಂದು ಅಣ್ಣ ಯಾರಿಂದಲೋ ಮದುವೆ ಶೂಟಿಂಗಿನ ಕ್ಯಾಮೆರಾ ತಂದರು. ವಿವರಣೆ ಬರೆದುಕೊಡಲು ನಾನೂ ಹೋಗಿದ್ದೆ. ಜುಂಜಣ್ಣ ಏಣಿಯ ತುದಿಯಲ್ಲಿ ನಿಂತು ದೀಪ ಹಿಡಿದ. ಅಣ್ಣ ನೆಲದ ಮೇಲೆ ಅಂಗಾತ ಮಲಗಿ ಚಿತ್ರ ತೆಗೆದರು. ಹೊರಗೆ ಒಂದು ಟಿವಿಗೆ ವೈರ್ ಕೊಟ್ಟಿದ್ದರು. ಊರಿನ ರೈತರು, ಹೆಂಗಸರು ಅದರ ಮುಂದೆ ಗುಂಪಾದರು. ಶಿವನ ಕೈಬೆರಳು, ಕಾಲ್ಗೆಜ್ಜೆ, ಮದ್ದಲೆ ಬಾರಿಸುವವನ ಮುಖ, ಎಲ್ಲ ಒಂದೊಂದಾಗಿ ಪರದೆಯ ಮೇಲೆ ಬಂದವು. ರಾಗಿ ಹೊಲದಿಂದ ಬಂದಿದ್ದ ಒಬ್ಬ ಮುದುಕ, “ಹುಟ್ಟಿದಾಗಿಂದ ಕೈ ಮುಗೀತೀನಿ, ತಲೆ ಎತ್ತಿ ನೋಡೇ ಇರ್ಲಿಲ್ಲ ಕಣಪ್ಪ” ಎಂದು ಟಿವಿಗೇ ಕೈ ಮುಗಿದ. ಧೂಳು ಮೆತ್ತಿಕೊಂಡ ಬೆನ್ನಿನಲ್ಲೇ ಎದ್ದು ಬಂದ ಅಣ್ಣ ಅದನ್ನು ಕೇಳಿ ಸಣ್ಣ ಮಕ್ಕಳ ಹಾಗೆ ಮುಖ ಮಾಡಿಕೊಂಡರು. “ಜುಂಜಣ್ಣ ದೀಪ ಚೆನ್ನಾಗಿ ಹಿಡ್ದ” ಅಂದರು.

ಜುಂಜಣ್ಣ ಸತ್ತದ್ದು ಅದಾಗಿ ಎರಡು ಮಳೆಗಾಲ ಕಳೆದ ಮೇಲೆ.

ಆಗ ಎಲ್ಲ ಊರುಗಳಲ್ಲಿಯೂ ಕೇಬಲಿನವರು ಕರೆಂಟಿನ ಕಂಬಗಳಿಗೇ ವೈರ್ ಕಟ್ಟುತ್ತಿದ್ದರು. ಇವರೂ ಹಾಗೆಯೇ ಮಾಡಿದ್ದರು. ಅದನ್ನು ಯಾರೂ ತಪ್ಪೆಂದು ನೋಡುತ್ತಿರಲಿಲ್ಲ. ಅವತ್ತು ಸಾಯಂಕಾಲ ಗಾಳಿ ಮಳೆ ಬಂದು ನಿಂತಿತ್ತು. ಕೆಳಗಿನ ಬೀದಿಯ ಒಂದು ಮನೆಯಿಂದ ಫೋನು ಬಂತು, ಚಿತ್ರ ನೀರುನೀರಾಗಿ ಬರುತ್ತಿದೆ, ಸೀರಿಯಲ್ ಶುರುವಾಗುವ ಹೊತ್ತಾಯಿತು ಎಂದು. ಅಣ್ಣ ಬೇರೆ ಏನನ್ನೋ ಬಿಚ್ಚಿಕೊಂಡು ಕೂತಿದ್ದರು. “ಒಂದು ನಿಮಿಷ ನೋಡ್ಕಂಡ್ ಬಾರೋ” ಅಂದರು. ಜುಂಜಣ್ಣ ಏಣಿ ತೆಗೆದುಕೊಂಡು ನಡೆದುಕೊಂಡೇ ಹೋದ. ಕಂಬದ ಮೇಲೆ ಮನೆಗೆ ಹೋಗುವ ಕರೆಂಟಿನ ತಂತಿಯ ಸಿಪ್ಪೆ ಉಜ್ಜಿ ಉಜ್ಜಿ ಹರಿದುಹೋಗಿ, ಕೇಬಲಿಗೆ ತಾಗಿಕೊಂಡಿತ್ತು. ಒದ್ದೆ ಕೈಯಲ್ಲಿ ಅವನು ಅದನ್ನು ಹಿಡಿದ. ಬೀದಿಯವರು ಆಟೋದಲ್ಲಿ ಹಾಕಿಕೊಂಡು ಸರ್ಕಾರಿ ಆಸ್ಪತ್ರೆಗೆ ತಲುಪಿಸುವ ಹೊತ್ತಿಗೆ ಮುಗಿದಿತ್ತು.

ಅಣ್ಣ ಆಸ್ಪತ್ರೆಯಿಂದ ಬಂದವರು ನೇರವಾಗಿ ಮೆಟ್ಟಿಲ ಕೆಳಗಿನ ಕೋಣೆಗೆ ಹೋಗಿ ಮೇನ್ ಸ್ವಿಚ್ ಆರಿಸಿದರು. ಹಸಿರು ದೀಪಗಳೆಲ್ಲ ಒಟ್ಟಿಗೇ ಹೋದವು. ಊರಿನ ಟಿವಿಗಳೆಲ್ಲ ಒಟ್ಟಿಗೇ ನಿಂತಿರಬೇಕು, ಫೋನು ಬಡಿದುಕೊಳ್ಳಲು ಶುರುವಾಯಿತು. ಅವರು ಗೋಡೆ ನೋಡುತ್ತ ಕೂತಿದ್ದರು. ಅಕ್ಕ ಹೋಗಿ ಎತ್ತಿದರು. ನಾನು ಪಕ್ಕದಲ್ಲೇ ನಿಂತಿದ್ದೆ, ಆ ಕಡೆಯ ದನಿ ನನಗೂ ಕೇಳುತ್ತಿತ್ತು.

“ಇವತ್ತು ಬರಲ್ಲ ಕಣಮ್ಮ. ನಮ್ಮ ಜುಂಜಣ್ಣ ಹೋಗ್ಬಿಟ್ಟ. ಕರೆಂಟ್ ಹೊಡ್ದು.”

“ಅಯ್ಯೋ ಶಿವನೇ! ಪಾಪ, ಒಳ್ಳೆಯವ್ನು.” ಆಮೇಲೆ ಒಂದು ಕ್ಷಣ ಬಿಟ್ಟು, “ಹಂಗಾದ್ರೆ ಎಷ್ಟೊತ್ತಿಗೆ ಬರ್ಬೌದಕ್ಕ?”

ಅಕ್ಕ ಫೋನಿಟ್ಟರು. ಮತ್ತೆ ಬಡಿದುಕೊಂಡಿತು. ಅದು ಬೇರೆ ಮನೆ. ಅವರೂ ಪಾಪ ಅಂದರು, ಅವರೂ ಕೇಳಿದರು. ಮೂರನೆಯದಕ್ಕೆ ಅಣ್ಣನೇ ಎದ್ದು ಬಂದು, ಎತ್ತಿ, ರಿಸೀವರನ್ನು ಕೆಳಗೆ ಮೇಜಿನ ಮೇಲಿಟ್ಟರು. ಅದರೊಳಗಿನ ದನಿ ಹಲೋ ಹಲೋ ಅನ್ನುತ್ತಲೇ ಇತ್ತು. ಆ ಜನ ಕೆಟ್ಟವರೇನಲ್ಲ. ಮರುದಿನ ಅವರಲ್ಲಿ ಎಷ್ಟೋ ಮಂದಿ ಬಂದು ಕಣ್ಣೀರು ಹಾಕಿ ಹೋದರು. ಆದರೆ ಆ ಸಂಜೆ ಅಣ್ಣನ ಒಳಗೆ ಏನೋ ಒಂದು ಕೆಟ್ಟುನಿಂತಿತು, ಅದನ್ನು ಯಾರಿಗೂ ಬಿಗಿ ಮಾಡಲಾಗಲಿಲ್ಲ.

ಹಟ್ಟಿಗೆ ನಾನೂ ಅಕ್ಕನೂ ಅವರ ಜೊತೆ ಹೋಗಿದ್ದೆವು. ಮಣ್ಣು ಮಾಡಿದ ಮೇಲೆ ಜುಂಜಣ್ಣನ ಹೆಂಡತಿ ಗುಡಿಸಿಲ ಬಾಗಿಲಿನಲ್ಲಿ ಕೂತಿದ್ದಳು. ಅಣ್ಣ ಅವಳ ಎದುರಿಗೆ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತರು. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವರು ಆಮೇಲೆ ಎಷ್ಟೋ ಸಲ ಹೇಳಿದ್ದರು.

“ಅಷ್ಟೊತ್ನಾಗೆ ಆ ಕಂಬದ ಮ್ಯಾಲೆ ಏನ್ ಮಾಡ್ತಿದ್ದ ಸ್ವಾಮಿ ಅವ್ನು?” ಎಂದು ಕೇಳಿದಳು.

“ಒಂದ್ ಮನೇಲಿ ಪಿಕ್ಚರ್ ಸರಿಯಾಗಿ ಬತ್ತಿರ್ಲಿಲ್ಲ ಕಣವ್ವ.”

ಅವಳಿಗೆ ಅರ್ಥವಾಗಲಿಲ್ಲ. “ಅಂದ್ರೆ?” ಅಂದಳು.

ಅಣ್ಣ ಬಾಯಿ ತೆರೆದರು. ಯಾವ ಯಂತ್ರದ ಬಗ್ಗೆ ಕೇಳಿದರೂ ಸಣ್ಣ ಮಕ್ಕಳಿಗೂ ತಿಳಿಯುವ ಹಾಗೆ ಬಿಡಿಸಿ ಹೇಳುತ್ತಿದ್ದವರು ಅವರು. ಆ ಒಂದು ಮಾತನ್ನು ಬಿಡಿಸಿ ಹೇಳಲು ಅವರಿಂದಾಗಲಿಲ್ಲ. ಒಬ್ಬ ಮನುಷ್ಯ ಸತ್ತಿದ್ದಕ್ಕೆ ಅದು ಕಾರಣ ಎಂದು ಅವಳ ಮುಖ ನೋಡಿಕೊಂಡು ಹೇಗೆ ಹೇಳುವುದು? ತಲೆ ಬಗ್ಗಿಸಿ ಕೂತುಬಿಟ್ಟರು. ಕೊನೆಗೆ ಅವಳೇ, “ಹೋಗ್ಲಿ ಬುಡಿ ಸ್ವಾಮಿ” ಅಂದಳು.

ಆಮೇಲೆ ಅವರು ಮಾಡಿದ ಕೆಲಸವನ್ನು ಊರು ಹುಚ್ಚು ಅಂದಿತು. ಕರೆಂಟಿನ ಕಂಬಗಳಿಂದ ತಮ್ಮ ಅಷ್ಟೂ ವೈರನ್ನು ಬಿಚ್ಚಿದರು. ಬೀದಿಬೀದಿಗೂ ಸ್ವಂತ ಕಬ್ಬಿಣದ ಪೈಪು ನಿಲ್ಲಿಸಿದರು, ಅದಾಗದ ಕಡೆ ಮಾಳಿಗೆಯಿಂದ ಮಾಳಿಗೆಗೆ, ಮರದಿಂದ ಮರಕ್ಕೆ ಸುತ್ತಿ ಬಳಸಿ ಎಳೆದರು. ಒಂದು ಬೇಸಿಗೆ ಪೂರ್ತಿ ಅದೇ ಆಯಿತು. ದೂರ ಹೆಚ್ಚಾದಷ್ಟೂ ಚಿತ್ರ ಮಸುಕಾಯಿತು. ಗರಿ ಬಿದ್ದು ಹರಿಯುವುದು ಹೆಚ್ಚಾಯಿತು. ತೋಟದವರು ಒಂದೊಂದು ನೆಪ ತೆಗೆದರು. ಮಗಳ ಮದುವೆಗೆ ಬರಲಿಲ್ಲ ಎಂಬ ಸಿಟ್ಟಿಗೆ ಒಬ್ಬರು ತಮ್ಮ ತೋಟದೊಳಗೆ ಹಾದುಹೋಗಿದ್ದ ವೈರನ್ನು ಮಚ್ಚಿನಲ್ಲಿ ಕತ್ತರಿಸಿ ಸುರುಳಿ ಮಾಡಿ ಬೇಲಿಗೆ ನೇತುಹಾಕಿದರು.

ಅದೇ ಹೊತ್ತಿಗೆ ಊರಿಗೆ ಇನ್ನೊಂದು ಕೇಬಲ್ ಬಂತು. ಹೊರಗಿನಿಂದ ಬಂದವರು, ಗಾಜಿನ ಬಾಗಿಲಿನ ಆಫೀಸು, ಕೈಯಲ್ಲಿ ಹಣ, ಮೇಲಿನವರ ಬೆಂಬಲ. ಅಣ್ಣ ಬಿಟ್ಟುಬಂದಿದ್ದ ಕಂಬಗಳಿಗೇ ಅವರು ವೈರ್ ಕಟ್ಟಿದರು. ಚಿತ್ರ ಕನ್ನಡಿಯಂತೆ ಬರುತ್ತಿತ್ತು. ಒಂದೊಂದೇ ಬೀದಿ ಅವರ ಕಡೆ ಹೋಯಿತು. ಹೋಗುವವರು ಪ್ರೀತಿಯಿಂದಲೇ ಬುದ್ಧಿ ಹೇಳುತ್ತಿದ್ದರು: “ನೀವೂ ಕಂಬಕ್ಕೆ ಹಾಕ್ಬುಡಿ ಅಣ್ಣ. ಅವ್ರು ಹಾಕಿಲ್ವಾ? ಏನಾಯ್ತು?”

“ಆಗಿದ್ದು ನೋಡಿದೀರಲ್ಲ” ಅನ್ನುತ್ತಿದ್ದರು ಇವರು.

“ಅಯ್ಯೋ, ಅದು ಅವನ ಹಣೇಬರ.”

ಆ ಮಾತಿಗೆ ಮಾತ್ರ ಅವರಿಗೆ ಸಿಟ್ಟು ಬರುತ್ತಿತ್ತು. “ಹಣೇಬರ ಅಲ್ಲ ಕಣ್ರೀ, ಇನ್ಸುಲೇಶನ್! ಇನ್ಸುಲೇಶನ್ ಹೋಗಿತ್ತು!” ಎಂದು ಕೂಗಾಡಿಬಿಡುತ್ತಿದ್ದರು. ಜನ ನಕ್ಕು ಹೋಗುತ್ತಿದ್ದರು. ಕರೆಂಟ್ ಆಫೀಸಿಗೆ ಹೋಗಿ ಕೇಳಿದರು. ಅಲ್ಲಿಯ ಇಂಜಿನಿಯರು ಕೂರಿಸಿ, ಕಾಫಿ ತರಿಸಿ, “ನಮಗೂ ಗೊತ್ತು ಕಣ್ರೀ. ಬಿಚ್ಚಿಸಿದ್ರೆ ಮರುದಿನ ಮೇಲಿಂದ ಫೋನ್ ಬರುತ್ತೆ” ಎಂದು ಕಳಿಸಿದರು.

ಕೊನೆಗೆ ಅವರು ಕೇಬಲ್ ನಿಲ್ಲಿಸಿದರು. ಯಾರಿಗೂ ಹೇಳಲಿಲ್ಲ, ಹೇಳಬೇಕಾದವರು ಹೆಚ್ಚು ಉಳಿದಿರಲೂ ಇಲ್ಲ. ಬೆಳಿಗ್ಗೆ ನಾನು ಸ್ಕೂಲಿಗೆ ಹೊರಟಾಗ ಕೋಣೆಯಲ್ಲಿ ಯಂತ್ರಗಳಿಗೆ ಹಳೆಯ ಸೀರೆ ಹೊದಿಸಿತ್ತು. ಫ್ಯಾನು ಮನೆಯೊಳಗೆ ಬಂದಿತ್ತು. ಅಕ್ಕ ಅದರ ಮುಂದೆ ಕೂತು ಅಳುತ್ತಿದ್ದರು.

ಮುಂದಿನ ಮಳೆಗಾಲದಲ್ಲಿ ಶುರುವಾದದ್ದನ್ನು ನಾನು ಮೊದಲು ಗಮನಿಸಿದ್ದು ನಮ್ಮ ಸ್ಕೂಲಿನ ಮುಂದೆ. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ, ಕೊಡೆ ಹಿಡಿದು ಬರುತ್ತಿದ್ದೆ. ಗೇಟಿನ ಎದುರಿನ ಕಂಬಕ್ಕೆ ಬಿದಿರಿನ ಏಣಿ ಒರಗಿಸಿ, ಕಾಲಿಗೆ ರಬ್ಬರ್ ಬೂಟು, ಕೈಗೆ ರಬ್ಬರ್ ಗ್ಲೌಸು ಹಾಕಿಕೊಂಡು ಅಣ್ಣ ಮೇಲೆ ನಿಂತಿದ್ದರು.

“ಅಣ್ಣಾ, ಏನಿದು? ನಿಮ್ಮ ವೈರ್ ಇಲ್ಲವಲ್ಲ ಇಲ್ಲಿ?”

“ಅವರದು ಮೇಡಂ” ಅಂದರು, ಕೆಳಗೆ ನೋಡದೆ. “ಜಾಯಿಂಟ್ ಬಿಟ್ಕಂಡೈತೆ. ಟೇಪ್ ಸುತ್ತತಾ ಇದೀನಿ. ಮಕ್ಕಳು ಓಡಾಡೋ ಜಾಗ.”

ಯಾರ ಕೇಬಲಿನಿಂದ ಅವರು ಮುಳುಗಿದರೋ, ಆ ಕೇಬಲಿನ ಹರಿದ ಜಾಗಗಳನ್ನು ಅವರು ಹುಡುಕಿಕೊಂಡು ಹೋಗಿ ಮುಚ್ಚುತ್ತಿದ್ದರು. ಮಳೆ ಬಿದ್ದ ದಿನ ತಪ್ಪದೆ ಹೊರಡುವರು. ಟೆಸ್ಟರ್ ಹಿಡಿದು ನೋಡುವರು, ತಮ್ಮದೇ ಟೇಪು ಸುತ್ತುವರು, ಮುಂದಿನ ಕಂಬಕ್ಕೆ ಹೋಗುವರು. ಅಕ್ಕ ಬೈದು ನೋಡಿದರು, ಅತ್ತು ನೋಡಿದರು. ಒಂದು ದಿನ ನನ್ನ ಮುಂದೆಯೇ, “ನಿಮಗೂ ಹಂಗೇ ಆದ್ರೆ ನಾನೇನ್ ಮಾಡ್ಲಿ?” ಎಂದು ಏಣಿಯನ್ನು ಹಿಡಿದು ಕೂತರು. ಅಣ್ಣ ಎರಡೂ ಕೈ ಎತ್ತಿ ತೋರಿಸಿದರು. “ಗ್ಲೌಸ್ ಹಾಕ್ಕಂಡಿದೀನಿ ಕಣೇ” ಅಂದರು. ಅಷ್ಟೇ ಅವರ ಉತ್ತರ.

ಆ ಕೇಬಲಿನವರಿಗೆ ಸುದ್ದಿ ಮುಟ್ಟಿತು. ಒಂದು ಬೆಳಿಗ್ಗೆ ಪೇದೆಗಳು ಬಂದು ಕಂಬದ ಮೇಲಿದ್ದ ಅಣ್ಣನನ್ನು ಇಳಿಸಿ ಪೊಲೀಸ್ ಸ್ಟೇಷನ್ನಿಗೆ ಕರೆದುಕೊಂಡು ಹೋದರು. ಹೊಟ್ಟೆಕಿಚ್ಚಿಗೆ ತಮ್ಮ ಲೈನು ಕೆಡಿಸುತ್ತಿದ್ದಾರೆ ಎಂದು ದೂರು. ಅಕ್ಕ, ನಾನು, ಮಂಡಿಯ ಅಣ್ಣ, ಮೂವರೂ ಹೋದೆವು. ಬೆಂಚಿನ ತುದಿಯಲ್ಲಿ ರಬ್ಬರ್ ಬೂಟಿನಲ್ಲೇ ಕೂತಿದ್ದರು, ನೀರು ಸೋರಿ ಕೆಳಗೆ ಮಡುವಾಗಿತ್ತು.

“ಅವರ ಕೇಬಲ್ ಹತ್ತಿರ ನಿಮಗೇನ್ರೀ ಕೆಲಸ?” ಎಂದು ಇನ್ಸ್‌ಪೆಕ್ಟರು ಕೇಳಿದರು.

“ಟೇಪ್ ಸುತ್ತತಿದ್ದೆ ಸಾರ್.”

“ಯಾಕೆ?”

“ಹರಿದಿತ್ತು ಸಾರ್.”

“ಅವರದು ಹರಿದರೆ ನಿಮಗೇನು?”

“ಕರೆಂಟ್ ಬತ್ತದೆ ಸಾರ್ ಅದರೊಳಗೆ.”

ಕೇಬಲ್ ಆಫೀಸಿನಿಂದ ಬಂದಿದ್ದ ಮ್ಯಾನೇಜರು ಗಟ್ಟಿಯಾಗಿ ನಕ್ಕ. “ನಮ್ಮ ಮೇಲೆ ಅಷ್ಟು ಪ್ರೀತಿನಾ ಸಾರ್ ಇವರಿಗೆ?” ಅಂದ. ಪೇದೆಗಳೂ ನಕ್ಕರು. ಇನ್ಸ್‌ಪೆಕ್ಟರಿಗೂ ನಗು ಬಂತು. ನಾನು ಎದ್ದು ಹೇಳಿದೆ, ಇವರು ಹೇಳುತ್ತಿರುವುದು ನಿಜ, ನಾನೇ ನೋಡಿದ್ದೇನೆ, ಬೇಕಾದರೆ ಆ ಟೇಪು ಬಿಚ್ಚಿ ಒಳಗೆ ಹೇಗಿದೆ ನೋಡಿ ಎಂದು. “ಆಯ್ತು ಮೇಡಂ, ನೀವು ಕೂತ್ಕೊಳ್ಳಿ” ಅಂದರು. ಮಂಡಿಯ ಅಣ್ಣ ಕೈ ಮುಗಿದು, ನನ್ನ ತಮ್ಮನ ತಲೆ ಸ್ವಲ್ಪ ಸರಿಯಿಲ್ಲ, ಇನ್ನು ಮೇಲೆ ಹೀಗಾಗದ ಹಾಗೆ ನೋಡಿಕೊಳ್ಳುತ್ತೇನೆ ಎಂದು ಬರೆದುಕೊಟ್ಟು ಬಿಡಿಸಿದರು. ತಮ್ಮನನ್ನು ಉಳಿಸಿಕೊಳ್ಳಲು ಆ ಮನುಷ್ಯನಿಗೆ ಬೇರೆ ದಾರಿ ತೋಚಲಿಲ್ಲ. ಹೊರಗೆ ಬಂದ ಮೇಲೆ ಅವರ ಕಣ್ಣಲ್ಲೂ ನೀರಿತ್ತು.

ದಾರಿಯಲ್ಲಿ ಕೇಬಲ್ ಅಣ್ಣ ತಮಗಾದ ಅವಮಾನದ ಮಾತೆತ್ತಲಿಲ್ಲ. “ಒಂದ್ಸಲ ಬಿಚ್ಚಿ ನೋಡಿದ್ರೆ ಗೊತ್ತಾಗೋದು ಕಣ್ರೀ ಮೇಡಂ” ಎಂದು ಎರಡು ಮೂರು ಸಲ ಹೇಳಿದರು. ಇನ್ನೂ ಅವರಿಗೆ ಅದೇ ಆಸೆ, ಯಾರಾದರೂ ಒಬ್ಬರು ಬಿಚ್ಚಿ ನೋಡಿದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ ಎಂದು.

ಬಿಚ್ಚಿದರು. ಆವತ್ತೇ ಮಧ್ಯಾಹ್ನ ಆಫೀಸಿನ ಆಳುಗಳು ಏಣಿ ತಂದು, ನಮ್ಮ ಬೀದಿಯ ಕಂಬಗಳಲ್ಲಿ ಇವರು ಸುತ್ತಿದ್ದ ಟೇಪನ್ನೆಲ್ಲ ಬ್ಲೇಡಿನಿಂದ ಸೀಳಿ ಕಿತ್ತು ಕೆಳಗೆಸೆದರು. ಒಳಗೆ ಹೇಗಿದೆ ಎಂದು ನೋಡಲಿಲ್ಲ. ಅಣ್ಣ ಜಗುಲಿಯ ಮೇಲೆ ಕೂತು ನೋಡುತ್ತಿದ್ದರು. ಆಳುಗಳಲ್ಲೊಬ್ಬ ನಮ್ಮ ಮನೆ ಮುಂದಿನ ಕಂಬ ಹತ್ತಿದಾಗ ಮಾತ್ರ ತಟ್ಟನೆ ಎದ್ದು, “ಕೈ ಒರೆಸ್ಕಳ್ಳೋ! ಒದ್ದೆ ಐತೆ ಕೈ!” ಎಂದು ಕೂಗಿದರು. ಅವನು ಇವರನ್ನು ನೋಡಿದ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ಕೆಲಸ ಮುಂದುವರಿಸಿದ.

ಅಲ್ಲಿಗೆ ಮುಗಿಯಿತು. ಆಮೇಲೆ ಅವರು ಏಣಿ ಮುಟ್ಟಲಿಲ್ಲ. ಯಾರಾದರೂ ರೇಡಿಯೋ, ಗಡಿಯಾರ ತಂದರೆ ತೆಗೆದಿಡುತ್ತಿದ್ದರು, ಬಿಚ್ಚುತ್ತಿರಲಿಲ್ಲ. ತಂದವರು ಕೆಲವು ದಿನ ನೋಡಿ ವಾಪಸು ತೆಗೆದುಕೊಂಡು ಹೋಗುತ್ತಿದ್ದರು. ಮಳೆ ಶುರುವಾದರೆ ಎಲ್ಲಿದ್ದರೂ ಎದ್ದು ಬಾಗಿಲಿಗೆ ಬಂದು, ಮಳೆ ನಿಲ್ಲುವವರೆಗೂ ನಿಂತಿರುತ್ತಿದ್ದರು. ಅಕ್ಕ ಒಂದು ಕುರ್ಚಿ ತಂದಿಡುತ್ತಿದ್ದರು, ಅದರಲ್ಲಿ ಕೂರುತ್ತಿರಲಿಲ್ಲ. ನಾವು ಸ್ವಂತ ಮನೆ ಕಟ್ಟಿಕೊಂಡು ಇನ್ನೊಂದು ಬಡಾವಣೆಗೆ ಹೋಗುವಾಗ ಹೇಳಿಬರಲು ಹೋದೆ. ಚೆನ್ನಾಗಿ ಮಾತಾಡಿದರು. ಹೊರಡುವಾಗ, “ಅರ್ಥಿಂಗ್ ಸರಿಯಾಗಿ ಮಾಡ್ಸಿ ಮೇಡಂ, ಇದ್ದಿಲು ಉಪ್ಪು ಧಾರಾಳ ಹಾಕ್ಸಿ” ಅಂದರು.

ಈಚೆಗೆ ಮನೆಮನೆಗೂ ಸಣ್ಣ ಡಿಶ್‌ಗಳು ಬಂದವು. ಕೊಡೆಯಂಥ ಆ ಡಿಶ್ಶುಗಳಿಗೆ ಬೀದಿಯ ವೈರೇ ಬೇಡ. ಗಾಜಿನ ಬಾಗಿಲಿನ ಆಫೀಸಿನ ವ್ಯಾಪಾರ ಬಿದ್ದುಹೋಗಿ, ಬಾಗಿಲು ಹಾಕಿಕೊಂಡು ಹೋದರು. ಅಲ್ಲೀಗ ಮೊಬೈಲ್ ಅಂಗಡಿಯಿದೆ. ಅದನ್ನು ಕೇಳಿದಾಗ ನನಗೆ, ಸುಳ್ಳೇಕೆ ಹೇಳಲಿ, ಸಂತೋಷವಾಯಿತು. ಅಣ್ಣನಿಗೆ ಹೇಳಲೆಂದೇ ಹೋದೆ. ಹೋದ ವರ್ಷದ ಮಾತು, ಅದೇ ನಾನು ಅವರ ಜೊತೆ ಕೊನೆಯ ಸಲ ಮಾತಾಡಿದ್ದು.

“ಹೋದ್ರಂತೆ ಅಣ್ಣ ಅವರು” ಅಂದೆ.

“ಹೂಂ, ಕೇಳ್ದೆ” ಅಂದರು. ಬೀದಿಯ ಕಡೆ ನೋಡುತ್ತಿದ್ದರು. “ವೈರ್ ಬಿಚ್ಚೋರು ಯಾರು ಮೇಡಂ?”

ಆಗ ನನಗೆ ಅದು ತಲೆಗೆ ಹೋಗಲಿಲ್ಲ.

ಅವರು ತೀರಿಕೊಂಡ ಮೇಲಿನ ವಾರ ಜೋರು ಮಳೆ. ಸ್ಕೂಲಿನ ಗೇಟಿನ ಎದುರಿನ ಕಂಬದಿಂದ ಹಳೆಯ ಕಪ್ಪು ವೈರೊಂದು ಕಿತ್ತುಕೊಂಡು, ಮಕ್ಕಳ ತಲೆಯ ಎತ್ತರಕ್ಕೆ ತೂಗಾಡುತ್ತಿತ್ತು. ಕರೆಂಟ್ ಆಫೀಸಿಗೆ ಫೋನು ಮಾಡಿದೆ. “ಅದು ನಮ್ಮದಲ್ಲ ಮೇಡಂ, ಕೇಬಲಿನವರದು” ಅಂದರು. ಕೇಬಲಿನವರು ಇಲ್ಲವಲ್ಲ ಅಂದೆ. “ಹಂಗಾದ್ರೆ ಮುನಿಸಿಪಾಲ್ಟಿ ಕೇಳಿ.” ಮುನಿಸಿಪಾಲ್ಟಿಯವರು ಕಂಬ ಯಾರದೋ ಅವರನ್ನೇ ಕೇಳಿ ಅಂದರು. ಹೆಡ್ ಮಿಸ್ಸು ಅರ್ಜಿ ಕೊಟ್ಟಿದ್ದಾರೆ. ಯಾರೂ ಬಂದಿಲ್ಲ. ವೈರ್ ಇನ್ನೂ ಅಲ್ಲೇ ತೂಗುತ್ತಿದೆ.

ಮಳೆ ಬಂದ ದಿನ ನಾನು ಕೊಡೆ ಹಿಡಿದು ಆ ಗೇಟಿಗೆ ಅಡ್ಡ ನಿಲ್ಲುತ್ತೇನೆ. ಹುಡುಗಿಯರನ್ನೆಲ್ಲ ಹಿಂದಿನ ಬಾಗಿಲಿನಿಂದ, ಸುತ್ತುಬಳಸಿನ ಕೆಸರು ದಾರಿಯಲ್ಲಿ ಕಳಿಸುತ್ತೇನೆ. ಅವರು ಗೊಣಗಿಕೊಂಡು ಹೋಗುತ್ತಾರೆ. ಮೊನ್ನೆ ಎಂಟನೇ ಕ್ಲಾಸಿನವಳೊಬ್ಬಳು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಿಂತು ಕೇಳಿದಳು:

“ಮಿಸ್, ಆ ವೈರಲ್ಲಿ ನಿಜವಾಗ್ಲೂ ಕರೆಂಟ್ ಐತಾ?”

“ಗೊತ್ತಿಲ್ಲ ಕಣೇ” ಅಂದೆ. “ನೋಡಿ ಹೇಳೋರು ಯಾರೂ ಇಲ್ಲ. ನೀನು ಆ ಕಡೆಯಿಂದ ಹೋಗು.”